ಸಿಪಾಯಿ ಗುರುಲಿಂಗನ ಕಾಗದ

“ಆ ಶಬ್ದ ನನಗ ಗೊತ್ತದರಿ. ಅದನ್ನ ಬಿಟ್ಟು ಮುಂದಿಂದು ಓದ್ರಿ,” ಎಂದ ಬಂಡೆಪ್ಪ.

ಅಜೀಮುದ್ದೀನ್ ಮಾಸ್ತರರು ಭೂತಗನ್ನಡಿಯಿಂದ ಕಣ್ಣೆತ್ತಿದರು. ಮೇಜಿನ ಮೇಲಿದ್ದ ಉರ್ದು ಕಾಗದಕ್ಕೆ ಎಂಬತ್ತು ವರ್ಷ ದಾಟಿತ್ತು; ಮಡಿಕೆಗಳಲ್ಲೆಲ್ಲ ಹರಿದಿತ್ತು. ಅವರಿನ್ನೂ ‘ಮಫ್’ ಎಂದಷ್ಟೇ ಉಚ್ಚರಿಸಿದ್ದರು.

“ಏನಂತ ಗೊತ್ತದ?”

“ಮಫ್ರೂರ್. ಫೌಜ್ ಬಿಟ್ಟು ಓಡಿಹೋದಾವ.”

ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು ಮನೀಷಾ ಅಜ್ಜನ ಮುಖ ನೋಡಿದಳು. ಆ ಮಾತನ್ನು ಆತ ಬೇರೆಯವರೆದುರು ತಾನಾಗಿ ಆಡಿದ್ದನ್ನು ಅವಳು ಕೇಳಿದ್ದೇ ಇಲ್ಲ.

ಬಂಡೆಪ್ಪ ಹೊಟ್ಟೆಯಲ್ಲಿದ್ದಾಗ ಅವನ ಅಪ್ಪ ಗುರುಲಿಂಗ ನಿಜಾಮರ ಪಡೆಯ ಜೊತೆ ಮಲಾಯಾಕ್ಕೆ ಲಡಾಯಿಗೆ ಹೋದ. ಮರುವರ್ಷ ನಾರಾಯಣಪುರಕ್ಕೆ ಈ ಕಾಗದ ಬಂತು. ಚಾವಡಿಯಲ್ಲಿ ಊರವರೆದುರು, ಊರ ಲೆಕ್ಕ ಬರೆಯುವ ಪಟವಾರಿ ಅದನ್ನು ಓದಿದ. ಆ ಒಂದು ಶಬ್ದ ಕಿವಿಗೆ ಬಿದ್ದದ್ದೇ ತಡ, ಕಂಕುಳಲ್ಲಿ ಕೂಸು ಹೊತ್ತು ನಿಂತಿದ್ದ ಧೂಳಮ್ಮ ಅವನ ಕೈಯಿಂದ ಕಾಗದ ಕಸಿದುಕೊಂಡು ಮನೆಗೆ ಬಂದುಬಿಟ್ಟಳು. ಮುಂದಿನ ಸಾಲುಗಳನ್ನು ಯಾರೂ ಓದಲಿಲ್ಲ.

ಅಲ್ಲಿಂದ ಬಂಡೆಪ್ಪ ಊರಿಗೆಲ್ಲ ‘ಓಡಿಹೋದಾವನ ಮಗ’. ಸಾಲಿಯಲ್ಲಿ ಅದೇ ಮಾತು, ಬದುವಿನ ಜಗಳದಲ್ಲಿ ಅದೇ ಮಾತು, ಹೆಣ್ಣು ನೋಡಲು ಹೋದ ಮನೆಯಲ್ಲೂ ಅದೇ ಮಾತು. ಗುರುಲಿಂಗ ಮಲಾಯಾದಲ್ಲಿ ಇನ್ನೊಂದು ಸಂಸಾರ ಹೂಡಿದ್ದಾನೆಂದು ಹೇಳುವವರೂ ಇದ್ದರು. ಧೂಳಮ್ಮ ಯಾರೊಂದಿಗೂ ವಾದಕ್ಕಿಳಿಯಲಿಲ್ಲ. ತಾಳಿ ತೆಗೆಯಲಿಲ್ಲ. ಮೂವತ್ತೈದು ವರ್ಷದ ಹಿಂದೆ, ಸಾಯುವ ಮುಂಚೆ, ಒಮ್ಮೆ ಮಾತ್ರ ಅಂದಿದ್ದಳು: “ಎಲ್ಲೇ ಇರ್ಲಿ, ಹೊಟ್ಟಿ ತುಂಬ ಉಂಡು ಇರ್ಲಿ.”

ಪಕ್ಕದ ಕಲ್ಯಾಣದಲ್ಲಿ ಉರ್ದು ಬಲ್ಲವರಿಗೇನು ಬರವಿರಲಿಲ್ಲ. ಬಂಡೆಪ್ಪನೇ ಯಾರಿಗೂ ತೋರಿಸಿರಲಿಲ್ಲ. ಒಬ್ಬ ಓದಿದ್ದು ಸಾಕಾಗಿತ್ತು. ಇನ್ನೊಬ್ಬನೂ ಅದನ್ನೇ ಓದಿದರೆ ಅಳಿದುಳಿದ ಅನುಮಾನವೂ ಹೋಗುತ್ತಿತ್ತು. ಆ ಅನುಮಾನವನ್ನೇ ಹಿಡಿದು ಅವನು ಬದುಕಿದ್ದ.

ಅವನನ್ನು ಹೊರಡಿಸಿದವಳು ಮನೀಷಾ. ಹುಮನಾಬಾದಿನ ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಆರು ತಿಂಗಳಿಂದ ಎರಡನೆಯ ಮಹಾಯುದ್ಧದ ಸಿಪಾಯಿಗಳ ಪಟ್ಟಿಗಳನ್ನು ಕಂಪ್ಯೂಟರಿನಲ್ಲಿ ಜಾಲಾಡುತ್ತಿದ್ದಳು. ಹೆಸರಿನ ಸ್ಪೆಲ್ಲಿಂಗು ಒಂದೊಂದು ಕಡೆ ಒಂದೊಂದು ತರಹ. ಸಿಪಾಯಿ ನಂಬರು ಇಲ್ಲದೆ ಮುಂದೆ ಹೋಗುವಂತಿರಲಿಲ್ಲ. “ನಂಬರ್ ಅಷ್ಟೇ ಓದಿಸೂಣು ಮುತ್ಯಾ, ಉಳಿದದ್ದು ಬ್ಯಾಡ,” ಎಂದು ಗೋಗರೆದು, ಜೊತೆಯಲ್ಲಿ ಕೆಲಸ ಮಾಡುವ ಗಜಾಲಾಳ ಅಜ್ಜನಾದ ಈ ಮಾಸ್ತರರ ಹುಮನಾಬಾದಿನ ಮನೆಗೆ ಕರೆತಂದಿದ್ದಳು.

ಮಾಸ್ತರರು ಕಾಗದವನ್ನು ಎರಡೂ ಅಂಗೈ ಮೇಲೆ ಇಟ್ಟುಕೊಂಡು ಬಾಗಿಲ ಬೆಳಕಿಗೆ ಹೋದರು. ಬಹಳ ಹೊತ್ತು ಬೆನ್ನು ಮಾಡಿಯೇ ನಿಂತರು. ಬಂಡೆಪ್ಪ ನೆಲ ನೋಡುತ್ತ ಕೂತ.

“ಅಲ್ರಿ,” ಎಂದರು ಮಾಸ್ತರರು. “ಇದು ಮಫ್ರೂರ್ ಅಲ್ಲ.”

“ಪಟವಾರಿ ಓದಿದ್ದರಿ. ಬಲ್ಲಾವ.”

“ಬಲ್ಲವರೂ ತಪ್ಪತಾರ. ನಾನೂ ಹಂಗೇ ಓದಾಕ ಹೊಂಟಿದ್ದೆ. ಅವಸರದ ಕಚೇರಿ ಕೈ ಇದು, ಚುಕ್ಕಿನೂ ಹಾಕಿಲ್ಲ.” ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಗೆ ಎರಡು ಶಬ್ದಗಳನ್ನು ದಪ್ಪಗೆ ಬರೆದು ಬಂಡೆಪ್ಪನ ಮುಂದಿಟ್ಟರು. “ಇದು ಮಫ್ರೂರ್. ಇದು ಮಫ್ಕೂದ್, ಚುಕ್ಕಿ ಬಿಟ್ರ ಎರಡೂ ಒಂದೇ ಹಂಗ ಕಾಣ್ತಾವ. ಮಫ್ಕೂದ್ ಅಂದ್ರ ಕಾಣೆಯಾದಾವ. ಲಡಾಯಿಯೊಳಗ ಏನಾದ ಅಂತ ಪತ್ತೆ ಹತ್ತಿಲ್ಲ, ಅಷ್ಟೇ.”

ಬಂಡೆಪ್ಪ ನಿಜಾಮರ ಕಾಲದ ಸಾಲಿಯಲ್ಲಿ ಒಂದು ವರ್ಷ ಉರ್ದುವಿನ ಅಲಿಫ್-ಬೇ ತಿದ್ದಿದವನು. ಬೆರಳಿಟ್ಟು ಒಂದನ್ನು ನೋಡಿದ, ಇನ್ನೊಂದನ್ನು ನೋಡಿದ.

“ನನ್ನ ಸಮಾಧಾನಕ್ಕ ಹೇಳಾಕತ್ತೀರೇನ್ರಿ?”

“ಇಲ್ಲಿ ಕೇಳ್ರಿ. ಕೆಳಗ ಬರ್ದಾರ: ‘ಖುದಾ ಅವರನ್ನ ಕಾಪಾಡ್ಲಿ. ಸುದ್ದಿ ಸಿಕ್ಕ ಕೂಡ್ಲೇ ಮನಿಯವರಿಗೆ ತಿಳಿಸ್ತೀವಿ.’ ಓಡಿಹೋದಾವಗ ಯಾರರೆ ಹಿಂಗ ಬರೀತಾರೇನ್ರಿ, ಬಂಡೆಪ್ಪಣ್ಣ?”

ಬಂಡೆಪ್ಪ ತಲೆಯ ರುಮಾಲು ಬಿಚ್ಚಿ ಮುಖಕ್ಕೆ ಒತ್ತಿಕೊಂಡ. ಮಾಸ್ತರರು ಅವನ ಪಕ್ಕಕ್ಕೆ ಬಂದು ಕೂತರು. ನಂಬರನ್ನು ಮೆಲ್ಲಗೆ, ಒಂದೊಂದೇ ಅಂಕಿಯಾಗಿ ಓದಿ ಹೇಳಿದರು.

ಮನೀಷಾ ಬರೆದುಕೊಂಡಳು, ಒಳಗಿಂದ ಬಂದು ಅವಳ ಪಕ್ಕ ಕೂತಿದ್ದ ಗಜಾಲಾ ಅದನ್ನು ಫೋನಿನಲ್ಲಿ ಒತ್ತಿದಳು. ಈ ಸಲ ಒಂದೇ ಹೆಸರು ಬಂತು. ಇಬ್ಬರೂ ತಲೆ ಹತ್ತಿರ ತಂದು ಓದಿಕೊಂಡರು. ಗಜಾಲಾ ಫೋನನ್ನು ಮನೀಷಾಳ ಕೈಗಿಟ್ಟಳು.

“ಹೇಳವ್ವ,” ಎಂದ ಬಂಡೆಪ್ಪ.

“ಸಿಪಾಯಿ ಗುರುಲಿಂಗ,” ಮನೀಷಾ ಓದಿದಳು. “ಸಾವಿರದ ಒಂಬೈನೂರಾ ನಲವತ್ಮೂರರಾಗ, ವೈರಿ ಕೈಯಾಗ ಕೈದಿ ಇದ್ದಾಗ ತೀರಿಕೊಂಡಾರ. ಸಿಂಗಪುರದ ಸ್ಮಾರಕದ ಕಲ್ಲಿನ ಮ್ಯಾಲ ಹೆಸರು ಕೆತ್ಯಾರ, ಮುತ್ಯಾ. ಊರು ನಾರಾಯಣಪುರ, ಕಲ್ಯಾಣಿ, ಅಂದ್ರ ನಮ್ಮ ಕಲ್ಯಾಣ.” ಕೊನೆಯ ಸಾಲಿಗೆ ಬಂದು, “ಧೂಳಮ್ಮನ ಗಂಡ,” ಎಂದಳು.

“ಏನಂದಿ?”

“ಹಂಗಂತ ಬರ್ದಾರ. ಧೂಳಮ್ಮನ ಗಂಡ.”

“ಅವ್ವನ ಹೆಸರು ಅವರಿಗೆ ಹ್ಯಾಂಗ ಗೊತ್ತು?”

“ಭರ್ತಿ ಆಗೋವಾಗ ಅವರೇ ಬರೆಸಿರ್ತಾರ, ಕಾಕಾ,” ಎಂದಳು ಗಜಾಲಾ.

ಬಂಡೆಪ್ಪ ಮೂರು ಸಲ ಓದಿಸಿದ. ಮೂರನೆಯ ಸಲಕ್ಕೆ ಅವನ ಮುಖದಲ್ಲಿ ನಗುವೂ ಬಂತು, ಅಳುವೂ ನಿಲ್ಲಲಿಲ್ಲ. ಅವ್ವ ‘ಹೊಟ್ಟಿ ತುಂಬ ಉಂಡು ಇರ್ಲಿ’ ಅನ್ನುವ ಹೊತ್ತಿಗೆ ಅಪ್ಪ ಸತ್ತು ನಲವತ್ತಾರು ವರ್ಷ. ಆದರೂ ಅವಳನ್ನು ಬಿಟ್ಟು ಹೋಗಿರಲಿಲ್ಲ. ಯಾರನ್ನೂ ಬಿಟ್ಟು ಹೋಗಿರಲಿಲ್ಲ.

ಮಾಸ್ತರರು ಒತ್ತಾಯ ಮಾಡಿ ಚಹಾ ಕುಡಿಸಿದರು. ಬಂಡೆಪ್ಪ ಇನ್ನೊಂದು ಕಪ್ಪು ತಾನೇ ಕೇಳಿ ಇಸಿದುಕೊಂಡ. ಹೊರಡುವಾಗ ಮಾಸ್ತರರ ಎರಡೂ ಕೈ ಹಿಡಿದು ನಿಂತ, “ನೀವು ಒಮ್ಮಿ ನಮ್ಮೂರಿಗೆ ಬರ್ರಿ. ನಾಕು ಮಂದಿ ಮುಂದ ಇದನ್ನ ಓದ್ರಿ,” ಎಂದ. “ಬಂದೇ ಬರ್ತೀನಿ,” ಎಂದರು ಅವರು.

ಕಲ್ಯಾಣದ ಬಸ್ಸಿನಲ್ಲಿ ಕಿಟಕಿ ಬದಿ ಸೀಟು ಸಿಕ್ಕಿತು. ಹುಮನಾಬಾದ್ ದಾಟುವುದರೊಳಗೆ ಬಂಡೆಪ್ಪನಿಗೆ ನಿದ್ದೆ ಹತ್ತಿತ್ತು. ಬಸ್ಸು ತಗ್ಗಿಗೆ ಬಿದ್ದಾಗೆಲ್ಲ ಅವನ ತಲೆ ಮನೀಷಾಳ ಹೆಗಲಿಗೆ ತಾಗುತ್ತಿತ್ತು. ಕೊನೆಗೆ ತಲೆ ಅಲ್ಲೇ ಒರಗಿತು. ಬಾಯಿ ತುಸು ತೆರೆದು ಸಣ್ಣಗೆ ಗೊರಕೆ. ಕಲ್ಯಾಣ ಬಂತು, ಮಂದಿ ಗದ್ದಲ ಮಾಡುತ್ತ ಇಳಿದರು. ಕಂಡಕ್ಟರ್ ಹತ್ತಿರ ಬಂದು, “ಏಳ್ರಿ ಯಜಮಾನ್ರ,” ಎನ್ನುವಷ್ಟರಲ್ಲಿ ಮನೀಷಾ ತುಟಿಯ ಮೇಲೆ ಬೆರಳಿಟ್ಟಳು. ಅವನು ಒಂದು ಗಳಿಗೆ ನಿಂತು ನೋಡಿ, ಸದ್ದಾಗದಂತೆ ಹಿಂದೆ ಸರಿದು ಬಾಗಿಲ ಮೆಟ್ಟಿಲ ಮೇಲೆ ಕುಳಿತ.