ಡಬ್ಬಿಯಿಂದ ತೆಗೆದ ಚೀಟಿ

ನಾನು ದಾಸಯ್ಯ, ಗುಬ್ಬಿಯ ಸಣ್ಣದೊಂದು ಕ್ರೈಸ್ತ ಸಭೆಗೆ ಉಪದೇಶಿ. ಜ್ಞಾನ ಬೇಕಾದವರು ದೇವರನ್ನು ಬಿಡದೆ ಕೇಳಬೇಕು ಎಂದು ಭಾನುವಾರ ಭಾನುವಾರ ಬೋಧಿಸುತ್ತಿದ್ದೆ. ಹಸು ಕೊಳ್ಳುವುದಕ್ಕೂ ಪ್ರಾರ್ಥನೆ, ಹೆಂಚು ಬದಲಿಸುವುದಕ್ಕೂ ಪ್ರಾರ್ಥನೆ. ಅದೊಂದು ಹೆಮ್ಮೆ ನನಗೆ; ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಎಪ್ಪತ್ತಾರರ ಬೇಸಿಗೆಯಲ್ಲಿ ನನ್ನ ಹೆಂಡತಿ ಪುಟ್ಟಗಂಗಮ್ಮನ ಕೈಗೆ ಬೀದಿನಾಯಿ ಕಚ್ಚಿತು. ಗಾಯ ತೊಳೆಯುತ್ತಲೇ ಅವಳು ಹೇಳಿದಳು: "ನಡೀರಿ, ತುಮ್ಕೂರು ದೊಡ್ಡಾಸ್ಪತ್ರೆಗೆ ಹೋಗಣ. ಹೊಟ್ಟೆಗೆ ಹದಿನಾಕು ಸೂಜಿ ಚುಚ್ತಾರಂತೆ. ಚುಚ್ಲಿ ಬುಡಿ."

"ತಾಳು, ಮೊದ್ಲು ದೇವ್ರ ಚಿತ್ತ ಕೇಳ್ತೀನಿ," ಎಂದೆ.

ಬೈಬಲ್ಲಿನ ವಾಕ್ಯ ಬರೆದ ಚೀಟಿಗಳ ತಗಡಿನ ಡಬ್ಬಿಯೊಂದು ಮನೆಯಲ್ಲಿತ್ತು. ಪ್ರಾರ್ಥಿಸಿ, ಕಣ್ಣು ಮುಚ್ಚಿ ಒಂದು ಚೀಟಿ ತೆಗೆದೆ. ತಾಳ್ಮೆಯಿಂದ ಕಾದಿರಲು ಹೇಳುವ ವಾಕ್ಯ ಬಂತು. ಕಾದೆ. ಮೂರು ದಿನ ಉಪವಾಸವನ್ನೂ ಮಾಡಿದೆ. ಪುಟ್ಟಗಂಗಮ್ಮ ಎರಡು ಸಲ ಸೀರೆ ಗಂಟು ಕಟ್ಟಿಕೊಂಡು ಬಸ್ಸಿಗೆ ಹೊರಟಳು. ಉಪದೇಶಿಯ ಹೆಂಡತಿಗೇ ನಂಬಿಕೆಯಿಲ್ಲ ಎಂದು ಸಭೆಯವರು ಆಡಿಕೊಂಡಾರೆಂದು ನಾನೇ ತಡೆದೆ. ಗಾಯ ಒಣಗಿತು. ಸಭೆಯಲ್ಲಿ ಎಲ್ಲರೆದುರು ದೇವರಿಗೆ ಸ್ತೋತ್ರ ಹೇಳಿದೆ.

ಮೂರನೆಯ ವಾರ ಆ ಕೈ ಜುಮುಜುಮು ಎನ್ನುತ್ತಿದೆ ಎಂದಳು. ಆಗಲೂ ನಾನು ಹತ್ತಿದ್ದು ಕುಣಿಗಲ್ ಬಸ್ಸು, ಅಲ್ಲಿನ ಹಿರಿಯ ಪಾದ್ರಿಗಳನ್ನು ಕೇಳಲು. ಅವರು ಊಟದ ತಟ್ಟೆ ಬಿಟ್ಟು ಎದ್ದರು.

"ಇದ್ನೂ ನನ್ನ ಕೇಳ್ಬೇಕೇನಯ್ಯಾ? ಇನ್ನೂ ಸೂಜಿ ಹಾಕ್ಸಿಲ್ವಾ?"

ಮನೆಗೆ ಬಂದಾಗ ಅವಳು ನೀರಿನ ಚೊಂಬನ್ನು ದೂರ ತಳ್ಳುತ್ತಿದ್ದಳು. ತುಮಕೂರಿಗೆ ಕರೆದೊಯ್ದೆ. ಕಚ್ಚಿ ಎಷ್ಟು ದಿನವಾಯಿತೆಂದು ಡಾಕ್ಟರು ಕೇಳಿದರು. ಇಪ್ಪತ್ತೆರಡು ಎಂದೆ. ಅವರು ಬರೆಯುವುದನ್ನು ನಿಲ್ಲಿಸಿದರು. ಇನ್ನು ಮಾಡುವುದೇನೂ ಇಲ್ಲ ಎಂದರು.

ದೇವರು ನನಗೆ ಯಾಕೆ ಹೇಳಲಿಲ್ಲ ಎಂದು ಗೋಳಾಡುತ್ತಿದ್ದೆ. ಮೈಮೇಲೆ ಎಚ್ಚರವಿದ್ದಾಗ ಅವಳು ನನ್ನ ಕೈ ಹಿಡಿದಳು. "ದೇವ್ರು ಹೇಳ್ಲಿಲ್ಲ ಅಂತೀರಲ್ಲ. ಮೊದಲ್ನೇ ದಿನಾನೇ ನನ್ ಬಾಯಲ್ಲಿ ಹೇಳ್ಸಿದ್ನಲ್ಲಾ."

ಮಾರನೆಯ ದಿನ ಹೋದಳು. ನನ್ನನ್ನು ನಾನು ಕ್ಷಮಿಸಿಲ್ಲ, ಅದಕ್ಕಾಗಿ ದೇವರನ್ನು ಕೇಳಿಯೂ ಇಲ್ಲ.

ಹತ್ತು ವರ್ಷವಾಯಿತು. ಜನ ಈಗಲೂ ಬುದ್ಧಿಮಾತು ಕೇಳಿಕೊಂಡು ಬರುತ್ತಾರೆ. ಮನೆಯಲ್ಲಿ ಹೆಂಡತಿ ಏನಂದಳು ಎಂದು ನಾನು ಮೊದಲು ವಿಚಾರಿಸುತ್ತೇನೆ. ಅವರು ನಗುತ್ತಾರೆ.

"ಅವ್ಳನ್ನೇನು ಕೇಳದು ಬುಡಿ ಸ್ವಾಮಿ, ನೀವು ಚೀಟಿ ತೆಗೀರಿ."