ಹೊಳೆಯುವ ಹತ್ತೊಂಬತ್ತು ಡಬ್ಬಿಗಳು

ಕೊಯ್ಲು ಮುಗಿದು ಹೊಲಗಳಲ್ಲಿ ಕೂಳೆ ಮಾತ್ರ ಉಳಿದಿತ್ತು. ಬೆಳಿಗ್ಗೆಯಿಂದಲೇ ಎದ್ದ ಒಣಗಾಳಿ ಶೆಡ್ಡಿನ ತಗಡನ್ನು ಆಗಾಗ ತಟ್ಟಿ ಹೋಗುತ್ತಿತ್ತು. ಒಳಗೆ ಅವಳು ಮೊಣಕೈವರೆಗಿನ ರಬ್ಬರ್ ಗವಸು ತೊಟ್ಟು, ಖಾಲಿ ಔಷಧಿ ಡಬ್ಬಿಗಳ ತಳಕ್ಕೆ ಮೊನೆಯ ಸಲಾಕೆಯಿಂದ ತೂತು ಹೊಡೆಯುತ್ತಿದ್ದಳು. ತೂತು ಬಿದ್ದ ಡಬ್ಬಿಯಲ್ಲಿ ಯಾರೂ ನೀರು ತುಂಬಿಡುವುದಿಲ್ಲ. ಬಾಗಿಲ ಬಳಿ ಕುರ್ಚಿಯಲ್ಲಿ ಕುಳಿತ ಗಂಡ ಮುಚ್ಚಳಗಳನ್ನು ಬಣ್ಣ ನೋಡಿ ಬೇರೆ ಬೇರೆ ಚೀಲಕ್ಕೆ ಹಾಕುತ್ತಿದ್ದ. ಅವನ ಕಾಲು ಅವನ ಮಾತು ಕೇಳುವುದನ್ನು ಬಿಟ್ಟು ಆರು ವರ್ಷವಾಗಿತ್ತು. ಕೈ ಮಾತ್ರ ಮೊದಲಿನ ಹಾಗೆಯೇ ಚುರುಕು.

ಬೆಳೆಗೆ ಹೊಡೆಯುವ ಔಷಧಿ ಮಾಡುವ ಕಂಪನಿಗಳೆಲ್ಲ ಸೇರಿ ಕಟ್ಟಿಕೊಂಡ ಸಂಘದ ಶೆಡ್ಡು ಅದು. ಮಾರಿದವರೇ ಖಾಲಿ ಡಬ್ಬಿಯನ್ನೂ ವಾಪಸು ತೆಗೆದುಕೊಳ್ಳಬೇಕೆಂದು ಕಾನೂನು ಬಂದ ಮೇಲೆ ಊರಾಚೆ ಇದನ್ನು ಕಟ್ಟಿಸಿ ಕೀಲಿಕೈ ಅವಳ ಕೈಗೆ ಕೊಟ್ಟಿದ್ದರು. ವರ್ಷಕ್ಕೊಮ್ಮೆ ಲಾರಿ ಬರುತ್ತದೆ. ಡಬ್ಬಿಯ ಒಳಗೆ ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನು ಅದೇ ಔಷಧಿಯ ಜೊತೆ ಪಂಪಿಗೇ ಸುರಿದು ಹೊಲಕ್ಕೇ ಹೊಡೆದಿರಬೇಕು. ಮೇಲಿನ ಚೀಟಿ ಹಾಗೇ ಇರಬೇಕು. ಒಂದು ಡಬ್ಬಿ ಕೆಟ್ಟದ್ದು ಸಿಕ್ಕರೂ ಲಾರಿ ತುಂಬದೆ ತಿರುಗಿ ಹೋಗುತ್ತದೆ. ಹೋದ ವರ್ಷ ಪಕ್ಕದೂರಲ್ಲಿ ಹಾಗೇ ಆಗಿ, ಮೂರೇ ತಿಂಗಳಲ್ಲಿ ಅಲ್ಲಿನ ಶೆಡ್ಡಿಗೆ ಬೀಗ ಬಿತ್ತು. ಈಗ ಅಲ್ಲಿನ ಡಬ್ಬಿಗಳು ಮತ್ತೆ ಕಾಲುವೆಯಲ್ಲಿ ತೇಲುತ್ತ ಈ ಊರಿನ ತೂಬಿಗೆ ಬಂದು ಸಿಕ್ಕಿಕೊಳ್ಳುತ್ತವೆ.

ಈ ವರ್ಷದ ಲಾರಿ ಇವತ್ತು ಮೂರು ಗಂಟೆಗೆ.

ಹತ್ತರ ಸುಮಾರಿಗೆ ಕೈಗಾಡಿ ತಳ್ಳಿಕೊಂಡು ಗಂಡನ ದೊಡ್ಡಪ್ಪ ಬಂದ. ಒಗೆದ ಅಂಗಿ, ಬಾಚಿದ ತಲೆ. ಗಾಡಿಯಲ್ಲಿ ಹತ್ತೊಂಬತ್ತು ಡಬ್ಬಿಗಳು, ಬಿಸಿಲಿಗೆ ಕಣ್ಣು ಕುಕ್ಕುವ ಹಾಗೆ ಹೊಳೆಯುತ್ತಿದ್ದವು.

"ನೋಡು, ಹೆಂಗಿವೆ! ಎರಡು ದಿನ ಕೂತು ಬೂದಿ ಹಾಕಿ ಉಜ್ಜಿದ್ದೀನಿ. ಮುಖ ನೋಡ್ಕೊಂಡು ಕ್ಷೌರ ಮಾಡ್ಕೋಬಹುದು. ಬೇರೆಯೋರು ತಂದು ಎಸೆಯೋ ಹಾಗೆ ಕೊಳಕು ಕೊಡೋ ಮನುಷ್ಯ ಅಲ್ಲ ನಾನು."

ಅವಳು ಒಂದನ್ನು ಎತ್ತಿ, ಮುಚ್ಚಳ ತಿರುಗಿಸಿ ತೆಗೆದು, ಬೆಳಕಿಗೆ ಹಿಡಿದಳು. ಒಳಗೆ ತಳದಲ್ಲಿ ಮೊಸರಿನ ಕೆನೆಯಂತೆ ಬಿಳಿಯ ಹಕ್ಕಳೆ ಕಟ್ಟಿತ್ತು. ಹೊರಗೆ ಚೀಟಿಯ ಗುರುತೂ ಇರಲಿಲ್ಲ. ಇನ್ನೊಂದನ್ನು ಎತ್ತಿದಳು. ಅದೂ ಹಾಗೆಯೇ.

"ದೊಡ್ಡ ಮಾವ, ಒಳಗೆ ತೊಳೆದೇ ಇಲ್ವಲ್ಲ?"

"ಒಳಗೆ ನೀರು ಹಾಕಿದ್ರೆ ವಿಷ ಆಚೆಗೆ ಚೆಲ್ಲಲ್ವಾ? ಅಷ್ಟೂ ಗೊತ್ತಿಲ್ವಾ ನಂಗೆ? ಅದಕ್ಕೇ ಬಿಗಿಯಾಗಿ ಮುಚ್ಚಿಟ್ಟಿದ್ದೆ."

"ಚೀಟಿ?"

"ಅದರ ಮೇಲೆ ತಲೆಬುರುಡೆ ಚಿತ್ರ ಇರತ್ತೆ ಕಣಮ್ಮ. ಅದನ್ನ ಇಟ್ಕೊಂಡು ಮನೇಲಿ ಹೆಂಗೆ ಬಾಳೋದು? ತಂದ ದಿನವೇ ಕಿತ್ತು ಉಜ್ಜಿಬಿಡ್ತೀನಿ."

ಗಂಡ ಮುಚ್ಚಳ ಆರಿಸುವುದನ್ನು ನಿಲ್ಲಿಸಿದ್ದ.

"ಇವನ್ನ ಲಾರಿಗೆ ಹಾಕೋಕೆ ಆಗಲ್ಲ ಮಾವ," ಎಂದಳು ಅವಳು.

"ನೀನೇ ಒಂದೆರಡು ಸಲ ತೊಳೆದುಬಿಡು."

"ಯಾವ ಔಷಧಿ ಅಂತ ಗೊತ್ತಿಲ್ದೆ ಆ ನೀರನ್ನ ಯಾವ ಬೆಳೆಗೆ ಹೊಡೀಲಿ? ಎಲ್ಲಿ ಚೆಲ್ಲಲಿ?"

"ಹಾಗಾದ್ರೆ ನಡುವೆ ತುರುಕು. ಸಾವಿರ ಡಬ್ಬಿ ನಡುವೆ ಹತ್ತೊಂಬತ್ತು ಯಾರ ಕಣ್ಣಿಗೆ ಬೀಳತ್ತೆ?"

"ಲಾರಿ ಜೊತೆ ಬರೋ ಟಾರ್ಚು ಸಾಹೇಬ್ರ ಕಣ್ಣಿಗೆ ಬೀಳತ್ತೆ. ಒಂದೊಂದರ ಬಾಯಿಗೂ ಬ್ಯಾಟರಿ ಹಾಕಿ ನೋಡ್ತಾರೆ ಅವರು. ಹಲ್ಲು ಕೀಳೋ ಡಾಕ್ಟ್ರ ಹಂಗೆ."

ದೊಡ್ಡಪ್ಪ ನಗಲಿಲ್ಲ. ಗಾಡಿಯ ಹಿಡಿ ಬಿಟ್ಟು ಹತ್ತಿರ ಬಂದು, ದನಿ ತಗ್ಗಿಸಿ, "ಆರು ವರ್ಷದ ಹಿಂದೆ ಇವನನ್ನ ಬೆನ್ನ ಮೇಲೆ ಹೊತ್ತೋನು ಯಾರು? ಯಾವತ್ತಾದ್ರೂ ಏನಾದ್ರೂ ಕೇಳಿದ್ದೀನಾ ನಿನ್ನ? ಇವತ್ತು ಒಂದು ಮಾತು ಕೇಳ್ತಿದ್ದೀನಿ," ಎಂದ.

ಅದು ಸುಳ್ಳಲ್ಲ. ದೊಡ್ಡಪ್ಪನ ಬದನೆ ಹೊಲಕ್ಕೆ ಔಷಧಿ ಹೊಡೆಯಲು ಹೋಗಿದ್ದ ಅವಳ ಗಂಡ ಸಾಲಿನ ನಡುವೆಯೇ ಕುಸಿದಿದ್ದ. ಅರವತ್ತು ದಾಟಿದ ಮುದುಕ ಅವನನ್ನು ಬೆನ್ನಿಗೆ ಹಾಕಿಕೊಂಡು ಕೆಸರು ಬದುವಿನ ಮೇಲೆ ರಸ್ತೆಯವರೆಗೆ ನಡೆದಿದ್ದ. ಆ ಬೆನ್ನು ಇಲ್ಲದಿದ್ದರೆ ಗಂಡ ಇವತ್ತು ಆ ಕುರ್ಚಿಯಲ್ಲಿ ಇರುತ್ತಿರಲಿಲ್ಲ.

ಆದರೆ ಆಸ್ಪತ್ರೆಯಲ್ಲಿ ಆದದ್ದನ್ನೂ ಅವಳು ಮರೆತಿರಲಿಲ್ಲ. ಯಾವ ಔಷಧಿ ಎಂದು ಡಾಕ್ಟರು ಕೇಳಿದಾಗ ದೊಡ್ಡಪ್ಪ ಮುಂದೆ ಚಾಚಿದ ಡಬ್ಬಿ ಬೆಳ್ಳಗೆ ಹೊಳೆಯುತ್ತಿತ್ತು. ಮೇಲೆ ಒಂದಕ್ಷರವೂ ಇರಲಿಲ್ಲ. ಅಂಗಡಿಯವನು ಊರಲ್ಲಿರಲಿಲ್ಲ. ಇದಿರಬಹುದು, ಅದಿರಬಹುದು ಎಂದು ಡಾಕ್ಟರು ತಡಕಾಡುವುದರಲ್ಲೇ ಒಂದು ದಿನ ಹೋಯಿತು. ಹೊತ್ತ ಬೆನ್ನೂ ಅವನದೇ, ಉಜ್ಜಿದ ಕೈಯೂ ಅವನದೇ. ಮೊದಲನೆಯದನ್ನು ಮನೆಯಲ್ಲಿ ಎಲ್ಲರೂ ಆಡುತ್ತಿದ್ದರು. ಎರಡನೆಯದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಅವಳು ಈಗಲೂ ಹೇಳಲಿಲ್ಲ. "ಆ ಋಣ ನನ್ನ ತಲೆ ಮೇಲಿದೆ ಮಾವ. ನಿಮ್ಮ ಹೊಲದಲ್ಲಿ ಕೂಳೆ ಕೀಳು ಅಂದ್ರೆ ಬರ್ತೀನಿ, ಸಗಣಿ ಹೊರು ಅಂದ್ರೆ ಹೊರ್ತೀನಿ. ಇವನ್ನ ಮಾತ್ರ ಲಾರಿಗೆ ಹಾಕಲ್ಲ. ಅಗೋ, ಗುರುತಿಲ್ಲದ ಡಬ್ಬಿಗೆ ಅಂತಲೇ ಆ ಪಂಜರದಲ್ಲಿ ಎರಡು ಕೆಂಪು ಪೀಪಾಯಿ ಇಟ್ಟಿದ್ದಾರೆ. ಬೇರೆ ಗಾಡಿ ಬಂದು ಸುಡೋ ಜಾಗಕ್ಕೆ ಒಯ್ಯತ್ತೆ. ಯಾರದು, ಯಾವ ಬೆಳೆಗೆ ಹೊಡೆದದ್ದು ಅಂತ ಕಾಗದದಲ್ಲಿ ಬರೆಸಿ ಸಹಿ ಹಾಕಿ."

"ವಿಷದ ಕಾಗದದ ಮೇಲೆ ನನ್ನ ಹೆಸರಾ?" ದೊಡ್ಡಪ್ಪನ ಮುಖ ಕೆಂಪಾಯಿತು. "ಉಜ್ಜಿ ಉಜ್ಜಿ ತಂದಿದ್ದಕ್ಕೆ ಒಳ್ಳೆ ಮರ್ಯಾದೆ! ಬಿಡು. ಕಾಲುವೆ ಯಾರ ಸಹೀನೂ ಕೇಳಲ್ಲ." ಗಾಡಿ ತಿರುಗಿಸಿಬಿಟ್ಟ.

ಅವಳು ಸಲಾಕೆ ಕೆಳಗಿಟ್ಟು, ನಾಲ್ಕೇ ಹೆಜ್ಜೆಯಲ್ಲಿ ಹೋಗಿ ಗಾಡಿಯ ಮುಂದೆ ನಿಂತಳು. ಗವಸು ತೊಟ್ಟ ಎರಡೂ ಕೈ ಗಾಡಿಯ ಅಂಚಿನ ಮೇಲೆ.

"ದಾರಿ ಬಿಡು."

"ಬಿಡಲ್ಲ."

"ಹಿರಿಯರ ಮುಂದೆ ಹಿಂಗೆ ನಿಲ್ತಾರೇನೇ?"

"ನಿಲ್ಲಬಾರದು ಮಾವ. ಆದ್ರೂ ನಿಂತಿದ್ದೀನಿ. ಆ ಕಾಲುವೆ ನೀರನ್ನ ಕುಡಿಯೋರಲ್ಲಿ ನೀವೂ ಇದ್ದೀರಿ."

ಅವನು ಗಾಡಿಯನ್ನು ಒಮ್ಮೆ ಮುಂದಕ್ಕೆ ನೂಕಿದ. ಅವಳ ಪಾದ ಮಣ್ಣಿನಲ್ಲಿ ಅರ್ಧ ಗೇಣು ಹಿಂದಕ್ಕೆ ಜಾರಿ, ಅಲ್ಲೇ ಊರಿತು. ಗಾಡಿಯೂ ಅಲ್ಲೇ ನಿಂತಿತು.

"ದೊಡ್ಡಪ್ಪಾ," ಎಂದು ಕುರ್ಚಿಯಿಂದ ಗಂಡ ಕರೆದ. "ಬಾ, ಕೂತ್ಕೋ. ನಿನ್ನ ಹೊಲದ ಚರಿತ್ರೆ ನಿನಗೆ ಬಾಯಿಪಾಠ ಅಂತೀಯಲ್ಲ, ನೋಡೇಬಿಡೋಣ. ಯಾವ ವರ್ಷ ಯಾವ ಹುಳಕ್ಕೆ ಏನು ಹೊಡೆದೆ ಅಂತ ನೀನು ಹೇಳು. ಮುಚ್ಚಳ ನೋಡಿ ಯಾವ ಕಂಪನಿದು ಅಂತ ನಾನು ಹೇಳ್ತೀನಿ. ಸೋತೋರು ಟೀ ಕೊಡಿಸೋದು."

"ನಾನು ಸೋಲೋದಾ?" ದೊಡ್ಡಪ್ಪ ಗೊಣಗಿದ. ಆದರೂ ಗಾಡಿಯ ಹಿಡಿಯ ಮೇಲಿನ ಕೈ ಸಡಿಲವಾಯಿತು.

ಅವನಿಗೂ ಗವಸು ಕೊಟ್ಟಳು. ಒಂದೊಂದೇ ಡಬ್ಬಿ ಕೆಳಗಿಳಿಯಿತು. "ಇದು ಮೆಣಸಿನ ಗಿಡದ ಎಲೆ ಮುರುಟಿದ ವರ್ಷದ್ದು. ಇದು ಹತ್ತಿ ಕಾಯಿ ಕೊರೆಯೋ ಹುಳಕ್ಕೆ. ಹುಳ ಸಾಯ್ಲಿಲ್ಲ, ಜೇನು ಸತ್ತವು." "ಹಸಿರು ಮುಚ್ಚಳ, ತಳದಲ್ಲಿ ಮೂರು ಗೀಟು. ಸರಿಯಾಗೇ ಇದೆ," ಎಂದು ಗಂಡ ಹೇಳುತ್ತಿದ್ದ. ಅವಳು ಬರೆದು, ಡಬ್ಬಿಗೆ ಸಂಖ್ಯೆ ಅಂಟಿಸಿ ಪೀಪಾಯಿಗಿಳಿಸುತ್ತಿದ್ದಳು. ಹದಿನೆಂಟರಲ್ಲಿ ಮುದುಕ ಒಂದರಲ್ಲೂ ತಪ್ಪಲಿಲ್ಲ.

ಹತ್ತೊಂಬತ್ತನೆಯದರ ಕತ್ತಿಗೆ ಹಳೆಯ ಟವೆಲಿನ ಹರಕು ಸುತ್ತಿತ್ತು. ದೊಡ್ಡಪ್ಪ ಅದನ್ನು ಕೈಗೆತ್ತಿಕೊಂಡು ಹರಕಿನ ಗಂಟನ್ನು ಹೆಬ್ಬೆರಳಿನಿಂದ ಸವರಿದ. ಗಾಳಿ ಎರಡು ಸಲ ತಗಡು ತಟ್ಟಿತು.

"ಇದು ಅದೇ," ಎಂದ ಕೊನೆಗೆ. "ಇವನನ್ನ ಹೊತ್ತಾಗ ಕೈ ಖಾಲಿ ಇರ್ಲಿಲ್ಲ. ಸೊಂಟಕ್ಕೆ ಕಟ್ಕೊಂಡಿದ್ದೆ, ಡಾಕ್ಟ್ರಿಗೆ ತೋರ್ಸೋಕೆ. ತೋರಿಸಿದ್ರೆ ಅದರ ಮೇಲೆ ಏನಿತ್ತು? ನಾನೇ ಉಜ್ಜಿದ್ದೆ." ಅವನು ಗಂಡನ ಕಡೆ ನೋಡಲಿಲ್ಲ. "ಯಾವ ಔಷಧಿ ಅಂತ ಇವತ್ತಿಗೂ ಗೊತ್ತಿಲ್ಲ ಕಣೋ."

"ನೀಲಿ ಮುಚ್ಚಳ," ಎಂದ ಗಂಡ ಮೆಲ್ಲಗೆ. "ನಾಲ್ಕು ಕಂಪನಿಯೋರು ಹಾಕ್ತಾರೆ."

ಅವಳು ಬರೆದಳು: ಬದನೆ ಹೊಲ, ಆರು ವರ್ಷದ ಹಿಂದಿನದು, ಔಷಧಿ ಯಾವುದೆಂದು ಗೊತ್ತಿಲ್ಲ. ಓದಿ ಹೇಳಿದಳು. ದೊಡ್ಡಪ್ಪ ಪೆನ್ನು ಕೇಳಿ ತೆಗೆದುಕೊಂಡು, ಅಕ್ಷರ ಅಕ್ಷರವಾಗಿ ತನ್ನ ಪೂರ್ತಿ ಹೆಸರು ಬರೆದ.

ಮೂರೂವರೆಗೆ ಲಾರಿ ಬಂತು. ಟಾರ್ಚು ಸಾಹೇಬರು ಸಾಲಿನಿಂದ ಸಾಲಿಗೆ ಬಗ್ಗಿ ಬಗ್ಗಿ ನೋಡಿ, ಸೊಂಟ ಹಿಡಿದುಕೊಂಡು ಎದ್ದು, "ತುಂಬಿ," ಎಂದರು. ಲಾರಿ ಹೋದ ಮೇಲೆ ಶೆಡ್ಡಿನಲ್ಲಿ ಉಳಿದದ್ದು ಬೀಗ ಹಾಕಿದ ಪಂಜರದೊಳಗಿನ ಎರಡು ಕೆಂಪು ಪೀಪಾಯಿ ಮಾತ್ರ.

ಅಷ್ಟು ಹೊತ್ತೂ ಕೂತಿದ್ದ ದೊಡ್ಡಪ್ಪ ಖಾಲಿ ಗಾಡಿ ಹಿಡಿದ. "ಇಲ್ಲಿಗೆ ನನ್ನದೂ ನಿನ್ನದೂ ಸರಿಹೋಯ್ತು ಅಂತ ಇಟ್ಕೊಳ್ಳೋಣ್ವಾ?"

"ಇಲ್ಲ ಮಾವ. ಇದು ಬೇರೆ. ಹೊತ್ತದ್ದು ಬೇರೆ. ಅದು ಹಾಗೇ ಇರ್ಲಿ."

ಮುದುಕ ನಾಲ್ಕು ಹೆಜ್ಜೆ ಹೋಗಿ ನಿಂತ. "ಹಾಗಾದ್ರೆ ನಾಳೆ ಏಳಕ್ಕೆಲ್ಲ ಬಂದುಬಿಡು. ಮೇಲಿನ ಹೊಲದ ಕೂಳೆ ಪೂರ್ತಿ ಹಾಗೇ ಇದೆ."

"ಆರೂವರೆಗೇ ಬರ್ತೀನಿ," ಎಂದು ಅವಳು ಗವಸು ಕಳಚಿ ತಂತಿಯ ಮೇಲೆ ಒಣಹಾಕಿದಳು.