ಮಲಗಿದವರ ಚಿತ್ರ

ಗೀಚಿಗೆ ಆ ಹೆಸರಿಟ್ಟವರು ಅಜ್ಜ. ನಡೆಯಲು ಕಲಿಯುವ ಮೊದಲೇ ಗೋಡೆಯ ಮೇಲೆ ಗೀಚಲು ಕಲಿತ ಮೊಮ್ಮಗಳನ್ನು ಇನ್ನೇನೆಂದು ಕರೆಯಬೇಕು ಎಂಬುದು ಅವರ ವಾದ. ಹೈಸ್ಕೂಲಿನ ಕೊನೆಯ ವರ್ಷಕ್ಕೆ ಕಾಲಿಡುವ ಹೊತ್ತಿಗೆ ಅವಳ ಗೀಚಾಟಕ್ಕೆ ಬೀದಿಯಲ್ಲೆಲ್ಲ ಹೆಸರು ಬಂದಿತ್ತು. ಒಂದು ಫೋಟೋ ಮುಂದಿಟ್ಟುಕೊಂಡು ಕೂತಳೆಂದರೆ ಸಾಕು, ರೆಪ್ಪೆಗೂದಲೂ ಬಿಡದಂತೆ ಪೆನ್ಸಿಲಿನಲ್ಲಿ ಅಚ್ಚೊತ್ತಿಬಿಡುತ್ತಿದ್ದಳು. ಅಕ್ಕಪಕ್ಕದವರು ತಮ್ಮ ಮದುವೆಯ ಫೋಟೋ, ಕೂಸಿನ ಫೋಟೋ ಹಿಡಿದುಕೊಂಡು ಬಾಗಿಲಿಗೆ ಬರುತ್ತಿದ್ದರು. ಹೀಗಾಗಿ ಕೊನೆಯ ವರ್ಷದ ವಿಶೇಷ ಚಿತ್ರಕಲಾ ತರಗತಿಯಲ್ಲಿ ತನಗೊಂದು ಜಾಗ ಕಾದಿಟ್ಟಂತೆಯೇ ಎಂದು ಅವಳು ನಂಬಿದ್ದಳು.

ಆ ತರಗತಿ ಸಾಮಾನ್ಯದ್ದಲ್ಲ. ಇಡೀ ವರ್ಷ ಒಂದೇ ವಿಷಯದ ಬೆನ್ನು ಹತ್ತಿ ಚಿತ್ರ ಬರೆಯಬೇಕು, ಕೊನೆಗೆ ಅವನ್ನೆಲ್ಲ ಪೋರ್ಟ್‌ಫೋಲಿಯೊ ಮಾಡಿ ಹೊರಗಿನ ಪರೀಕ್ಷಕರ ಮುಂದೆ ಇಡಬೇಕು. ಕೇಳಿದವರಿಗೆಲ್ಲ ಅಲ್ಲಿ ಜಾಗ ಸಿಗುತ್ತಿರಲಿಲ್ಲ. ಚಿತ್ರಕಲೆಯ ಮೇಡಂ, ಸದಾ ಮೊಣಕೈಗೆ ಬಣ್ಣ ಮೆತ್ತಿಕೊಂಡಿರುವ ಮೆಲುದನಿಯ ಹೆಂಗಸು, ಗೀಚಿಯ ಕಡತವನ್ನು ಹಾಳೆ ಹಾಳೆಯಾಗಿ ತಿರುವಿ ನೋಡಿದರು. ನಟಿಯರು, ಆಟಗಾರರು, ಯಾರದೋ ಮದುಮಗಳು. ನೋಡಿ ಮುಗಿಸಿ ಕಡತವನ್ನು ಮೆತ್ತಗೆ ಮುಚ್ಚಿದರು.

"ಕೈ ಚೆನ್ನಾಗಿ ಪಳಗಿದೆ ಕಣಮ್ಮ," ಎಂದರು. "ಆದ್ರೆ ಇಲ್ಲಿ ನೋಡೋ ಕೆಲಸವನ್ನೆಲ್ಲ ಫೋಟೋ ತೆಗೆದವರೇ ಮಾಡಿ ಮುಗಿಸಿದ್ದಾರೆ. ನೀನು ನೋಡಿದ್ದು ಎಲ್ಲಿದೆ?"

ಮೇಡಂ ಬೇಡವೆನ್ನಲೂ ಇಲ್ಲ, ಹೂಂ ಎನ್ನಲೂ ಇಲ್ಲ. ರಜೆಯಲ್ಲಿ ಫೋಟೋ ಮುಟ್ಟದೆ, ಕಣ್ಣೆದುರಿಗೆ ಇರುವುದನ್ನೇ ನೋಡಿ ಬರೆ, ಎಲ್ಲ ಚಿತ್ರಗಳೂ ಒಂದೇ ವಿಷಯದ ಸುತ್ತ ಇರಲಿ, ರಜೆ ಮುಗಿದ ಮೇಲೆ ತಂದು ತೋರಿಸು, ಆಮೇಲೆ ನೋಡೋಣ ಎಂದು ಕಳಿಸಿಕೊಟ್ಟರು.

ಮನೆಗೆ ಬಂದು ಮುಖ ಉಬ್ಬಿಸಿಕೊಂಡು ಪೋರ್ಟ್‌ಫೋಲಿಯೊ ತಯಾರು ಮಾಡಬೇಕು ಎಂದಾಗ ಅಜ್ಜ ಪೇಪರಿನಿಂದ ತಲೆಯೆತ್ತಿ, ಮೊಮ್ಮಗಳಿಗೆ ಮಂತ್ರಿಗಿರಿಯೇ ಸಿಕ್ಕಿತೆಂಬಂತೆ, ಯಾವ ಖಾತೆ ಕೊಟ್ಟರು, ಹಣಕಾಸೋ ಗೃಹವೋ ಎಂದು ಕೇಳಿದರು. ಅವರು ಒಂದು ಕಾಲದಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಈಗ ದಿನವಿಡೀ ಪೇಪರು ಓದುವುದೇ ಅವರ ಉದ್ಯೋಗ. ವಿಷಯ ತಿಳಿದ ಮೇಲೆ ಮನೆಮಂದಿಯೆಲ್ಲ ನಾ ಮುಂದು ತಾ ಮುಂದು ಎಂದು ನೆರವಿಗೆ ಬಂದರು. ಗೀಚಿಯ ಫಜೀತಿ ಶುರುವಾದದ್ದು ಅಲ್ಲಿಂದ.

ಮೊದಲು ಕೂತವರು ಅಜ್ಜ. ಕೂತ ಕೂಡಲೇ ಹಳೆಯ ಕಥೆಯೊಂದನ್ನು ಎತ್ತಿಕೊಂಡರು. ಕಥೆಯಲ್ಲಿ ಬಂದ ಮೂವರ ಮಾತನ್ನೂ ಮೂರು ಕಡೆ ತಿರುಗಿ ಹೇಳಿದ್ದರಿಂದ ಕಾಗದದ ಮೇಲೆ ಅವರಿಗೆ ಮೂರು ಮೂಗು ಬಂದವು. ಅಪ್ಪನಿಗೆ ಬಸ್ಸು ಓಡಿಸುವ ಕೆಲಸ. ಮನೆಯಲ್ಲಿದ್ದಷ್ಟು ಹೊತ್ತೂ ಅವರಿಗೆ ಯಾರಾದರೊಬ್ಬರ ಫೋನು ಬರುತ್ತಿತ್ತು, ಫೋನು ಬಂದರೆ ಎದ್ದು ಓಡಾಡದೆ ಮಾತಾಡುವ ಅಭ್ಯಾಸ ಅವರಿಗಿಲ್ಲ. ಔಷಧಿ ಅಂಗಡಿಯಲ್ಲಿ ದಿನವೆಲ್ಲ ನಿಂತು ಬರುವ ಅಮ್ಮ, ಕೂತರೆ ನಿದ್ದೆ ಬರುತ್ತದೆ, ನಿಂತರೆ ಕಾಲು ನೋಯುತ್ತದೆ, ನಾಳೆ ನೋಡೋಣ ಎಂದರು. ಬೇಸತ್ತು ಗೀಚಿ ತಟ್ಟೆಯಲ್ಲಿ ಹಣ್ಣು ಜೋಡಿಸಿಟ್ಟು ಬರೆಯಲು ಕೂತರೆ, ಪೆನ್ಸಿಲು ಚೂಪು ಮಾಡಿಕೊಂಡು ಬರುವಷ್ಟರಲ್ಲಿ ಚಿತ್ರದ ಅರ್ಧವನ್ನು ಚಿಕ್ಕಪ್ಪ ತಿಂದು ಮುಗಿಸಿದ್ದ.

ಚಿಕ್ಕಪ್ಪ ಬೇಕರಿಯಲ್ಲಿ ಬ್ರೆಡ್ಡು ಬೇಯಿಸುವವನು. ಬೆಳಕು ಹರಿಯುವ ಮುನ್ನ ಹೋಗಿ ಮಧ್ಯಾಹ್ನಕ್ಕೆ ಬರುತ್ತಿದ್ದ. ಎಚ್ಚರವಿದ್ದಾಗ ಅವನಷ್ಟು ಗಲಾಟೆ ಮಾಡುವವರು ಇನ್ನೊಬ್ಬರಿಲ್ಲ. ಹಣ್ಣಿನ ತಟ್ಟೆಯ ಮುಂದೆ ಕಣ್ಣಂಚಿನಲ್ಲಿ ನೀರು ತುಂಬಿಕೊಂಡು ನಿಂತ ಮಗಳನ್ನು ನೋಡಿ ಅಮ್ಮ ಏನೋ ಸಮಾಧಾನಕ್ಕೆಂದು, ಈ ಮನೆಯಲ್ಲಿ ಅಲ್ಲಾಡದೆ ಇರುವುದು ಮಲಗಿದ ನಿನ್ನ ಚಿಕ್ಕಪ್ಪ ಒಬ್ಬನೇ, ಹೋಗಿ ಅವನನ್ನೇ ಬರೆದುಕೋ ಎಂದರು.

ಅಮ್ಮ ತಮಾಷೆಗೆ ಹೇಳಿದ್ದನ್ನು ಗೀಚಿ ನಿಜವಾಗಿಯೇ ಮಾಡಿದಳು. ಮರುದಿನ ಊಟವಾದ ಮೇಲೆ ಸ್ಟೂಲೊಂದನ್ನು ಎತ್ತಿಕೊಂಡು ಹೋಗಿ ಚಿಕ್ಕಪ್ಪನ ಮಂಚದ ಪಕ್ಕ ಕೂತಳು. ಕಿಟಕಿಯ ಬೆಳಕು ಅವನ ಮುಖದ ಮೇಲೆ ಅಡ್ಡವಾಗಿ ಬಿದ್ದಿತ್ತು. ಸ್ನಾನ ಮಾಡಿದ್ದರೂ ಹುಬ್ಬಿನ ಸಂದಿಯಲ್ಲಿ ಚೂರು ಮೈದಾ ಉಳಿದಿತ್ತು. ಬಲಗೈಯ ಬೆರಳುಗಳು ಇನ್ನೂ ಹಿಟ್ಟು ನಾದುತ್ತಿರುವಂತೆ ಬಾಗಿಕೊಂಡಿದ್ದವು. ಕಿವಿ ಬರೆಯಲು ಹೋದಾಗ ಅವಳು ಬೆಚ್ಚಿದಳು. ಅಷ್ಟು ವರ್ಷ ಬರೆದದ್ದೆಲ್ಲ ಒಂದೇ ಕಿವಿ, ಕಲಿತುಕೊಂಡ ಕಿವಿ. ಚಿಕ್ಕಪ್ಪನದು ಅದಲ್ಲವೇ ಅಲ್ಲ. ತುದಿಯಲ್ಲಿ ಚಪ್ಪಟೆ, ಬುಡದಲ್ಲಿ ಮಡಿಕೆ, ಮುದುರಿದ ಎಲೆಯಂತಿತ್ತು. ಅಳಿಸಿ ಅಳಿಸಿ ಬರೆದಳು. ಕಾಗದ ಸವೆಯಿತು, ಚಿತ್ರ ಕೊಳಕಾಯಿತು, ಹಳೆಯ ಚಿತ್ರಗಳ ನುಣುಪು ಒಂದಿಷ್ಟೂ ಬರಲಿಲ್ಲ. ಆದರೂ ಎತ್ತಿ ಹಿಡಿದು ನೋಡಿದರೆ ಚಿಕ್ಕಪ್ಪ ಅಲ್ಲಿದ್ದ, ಗೊರಕೆಯೊಂದೇ ಇರಲಿಲ್ಲ.

ಅಲ್ಲಿಂದ ಅವಳಿಗೆ ಹುಚ್ಚೇ ಹಿಡಿಯಿತು. ಮನೆಯಲ್ಲಿ ಯಾರು ಎಲ್ಲಿ ತೂಕಡಿಸುತ್ತಾರೆ ಎಂದು ಬೆಕ್ಕಿನಂತೆ ಕಾದು ಕೂರತೊಡಗಿದಳು. ಹಗಲಲ್ಲಿ ರೆಪ್ಪೆ ಮುಚ್ಚುವವನೇ ಅಲ್ಲ ಎಂದು ಊರಿಗೆಲ್ಲ ಹೇಳಿಕೊಳ್ಳುತ್ತಿದ್ದ ಅಜ್ಜ ಪೇಪರನ್ನು ಹೊದ್ದುಕೊಂಡು ಸಿಕ್ಕಿಬಿದ್ದರು. ಅಪ್ಪ ಅಂಗಿಯ ಒಂದು ಗುಂಡಿ ಬಿಚ್ಚಿ, ಎರಡನೆಯದಕ್ಕೆ ಕೈ ಹಾಕಿದಲ್ಲಿಯೇ ಕುರ್ಚಿಯಲ್ಲಿ ನಿದ್ದೆ ಹೋಗಿದ್ದರು. ಅಮ್ಮ ಮಡಚುತ್ತಿದ್ದ ಬಟ್ಟೆಯ ರಾಶಿಗೇ ಕೆನ್ನೆ ಕೊಟ್ಟಿದ್ದರು. ಒಬ್ಬೊಬ್ಬರದು ಒಂದೊಂದು ಬಗೆ. ಗೀಚಿ ದಿನವೂ ನೋಡುತ್ತಿದ್ದ ಮುಖಗಳೇ ಅವು, ಆದರೂ ಮೊದಲ ಸಲ ಭೇಟಿಯಾದಂತೆ ಅನಿಸುತ್ತಿತ್ತು.

ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಅತ್ತೆಯ ಚಿತ್ರ. ಅತ್ತೆ ಅಪ್ಪನ ಅಕ್ಕ, ಪ್ರಾಥಮಿಕ ಶಾಲೆಯೊಂದರ ಹೆಡ್‌ಮಿಸ್ಸು, ಮನೆಯ ಮಹಡಿಯ ಕೋಣೆಯಲ್ಲಿ ಇರುತ್ತಿದ್ದರು. ಅವರು ಮೆಟ್ಟಿಲಿಳಿಯುವ ಸದ್ದಿಗೆ ಚಿಕ್ಕಪ್ಪ ಈಗಲೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದ. ಬಟ್ಟೆಯ ಇಸ್ತ್ರಿ ಮುರಿದದ್ದನ್ನಾಗಲಿ, ಕೂದಲೆಳೆ ಹಾರಿದ್ದನ್ನಾಗಲಿ ಕಂಡವರಿಲ್ಲ. ಅಂಥ ಅತ್ತೆ ಒಂದು ಭಾನುವಾರ ಮಧ್ಯಾಹ್ನ ನಡುಮನೆಯ ಸೋಫಾದಲ್ಲಿ ಮಕ್ಕಳ ಉತ್ತರ ಪತ್ರಿಕೆ ತಿದ್ದುತ್ತಾ ಹಾಗೆಯೇ ಒರಗಿದ್ದರು. ಕನ್ನಡಕ ಒಂದು ಕಿವಿಯಿಂದ ಜಾರಿ ಕೆನ್ನೆಗೆ ಬಂದಿತ್ತು, ಕಾಲು ಚಿಕ್ಕ ಹುಡುಗಿಯಂತೆ ಮಡಚಿಕೊಂಡಿತ್ತು, ಕೆಂಪು ಪೆನ್ನು ಬೆರಳ ಸಂದಿಯಲ್ಲಿಯೇ ಇತ್ತು, ಬಾಯಿ ಅಗಲವಾಗಿ ತೆರೆದಿತ್ತು. ಗೀಚಿ ಉಸಿರು ಬಿಗಿಹಿಡಿದು ಬರೆದಳು. ಅತ್ತೆ ಎದ್ದು ಕನ್ನಡಕ ಸರಿಮಾಡಿಕೊಳ್ಳುವ ಹೊತ್ತಿಗೆ ಅವಳು ಅಡುಗೆಮನೆಯಲ್ಲಿ ನೀರು ಕುಡಿಯುತ್ತಾ ನಿಂತಿದ್ದಳು.

ಗುಟ್ಟು ಬಯಲು ಮಾಡಿದವನು ಚಿಕ್ಕಪ್ಪ. ಚಿತ್ರಗಳನ್ನೆಲ್ಲ ಅವನಿಗೆ ತೋರಿಸಿದಾಗ ತನ್ನದನ್ನು ನೋಡಿ ಮುಗುಳ್ನಕ್ಕ, ಅಜ್ಜನದನ್ನು ನೋಡಿ ನಕ್ಕ, ಅತ್ತೆಯದು ಕೈಗೆ ಬರುತ್ತಲೇ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಸಿದ. ಆ ನಗು ಮಹಡಿಗೆ ಕೇಳಿಸಿತು. ಅತ್ತೆ ಇಳಿದು ಬಂದರು, ಅವನ ಕೈಯಿಂದ ಹಾಳೆ ತೆಗೆದುಕೊಂಡರು, ನೋಡಿದರು. ಚಿಕ್ಕಪ್ಪ ನೆಲದಿಂದ ಎದ್ದು ಬೆನ್ನು ನೆಟ್ಟಗೆ ಮಾಡಿಕೊಂಡ. ಅತ್ತೆ ಗದರಲಿಲ್ಲ. ಗದರಿದ್ದರೆ ಎಷ್ಟೋ ವಾಸಿಯಿತ್ತು.

"ಇದು ಈ ಮನೆ ಬಾಗಿಲು ದಾಟಬಾರದು," ಎಂದಷ್ಟೇ ಹೇಳಿ ಹಾಳೆಯನ್ನು ಮೇಜಿನ ಮೇಲೆ ಬೋರಲು ಹಾಕಿ ಮೇಲೆ ಹೋದರು.

ಗೀಚಿಗೆ ಅಳುವೇ ಬಂತು, ಜೊತೆಗೆ ಸಿಟ್ಟೂ ಬಂತು. ಅಷ್ಟೊಳ್ಳೆಯ ಚಿತ್ರ. ಮರುದಿನ ಪೆನ್ಸಿಲು ಕೊಳ್ಳಲು ಹೋದ ಅಂಗಡಿಯಲ್ಲಿ ಮೇಡಂ ಸಿಕ್ಕಾಗ ಅವಳು ತಡೆಯಲಾರದೆ ಎಲ್ಲವನ್ನೂ ಹೇಳಿಕೊಂಡಳು. ಮೇಡಂ ತನ್ನ ಪರ ನಿಲ್ಲುತ್ತಾರೆ ಎಂದುಕೊಂಡಿದ್ದಳು. ಮೇಡಂ ಬ್ರಷ್ಷಿನ ಕೂದಲನ್ನು ಅಂಗೈ ಮೇಲೆ ಒತ್ತಿ ನೋಡುತ್ತಾ, ಬರೆಯುವ ಮುಂಚೆ ಕೇಳದಿದ್ದರೆ ಹೋಗಲಿ, ಬರೆದ ಮೇಲಾದರೂ ಅವರಲ್ಲಿ ಯಾರನ್ನಾದರೂ ಕೇಳಿದೆಯಾ ಎಂದರು. ಗೀಚಿ ಯಾರನ್ನೂ ಕೇಳಿರಲಿಲ್ಲ. ಮಲಗಿದವರ ಕೈಯಲ್ಲಿ ಬೇಡ ಅನ್ನುವುದಕ್ಕೂ ಆಗುವುದಿಲ್ಲವಲ್ಲ, ಎಂದು ಮೇಡಂ ಅಷ್ಟೇ ಮೆಲ್ಲಗೆ ಹೇಳಿ, ಬ್ರಷ್ಷು ಕೊಂಡು ಹೋದರು.

ದಾರಿಯುದ್ದಕ್ಕೂ ಗೀಚಿಯ ಕಿವಿ ಬಿಸಿಯಾಗಿತ್ತು. ಮನೆಗೆ ಬಂದವಳೇ ಒಬ್ಬೊಬ್ಬರ ಮುಂದೆಯೂ ಅವರವರ ಚಿತ್ರ ಹಿಡಿದು ನಿಂತು ಕೇಳಿದಳು. ಅಮ್ಮ ತನ್ನ ಚಿತ್ರವನ್ನು ನೋಡಿ, ನಾನು ಇಷ್ಟು ಸುಸ್ತಾಗಿರುತ್ತೇನಾ ಎಂದು ಕೇಳಿ, ಆಗಲಿ ತಗೊಂಡು ಹೋಗು ಎಂದರು. ಅಪ್ಪ, ತಮ್ಮ ಮೇಲಧಿಕಾರಿಗೆ ಮಾತ್ರ ತೋರಿಸಬೇಡ, ಡ್ರೈವರು ನಿದ್ದೆ ಮಾಡುವ ಚಿತ್ರ ಅವರಿಗೆ ಹಿಡಿಸಲಿಕ್ಕಿಲ್ಲ ಎಂದರು. ಅಜ್ಜ ಬಹಳ ಚೌಕಾಸಿ ಮಾಡಿದರು. ಚಿತ್ರದ ಕೆಳಗೆ 'ಕಣ್ಣು ಮುಚ್ಚಿ ಯೋಚಿಸುತ್ತಿರುವುದು' ಎಂದು ಬರೆಯುವುದಾದರೆ ತಮ್ಮ ಅಭ್ಯಂತರವಿಲ್ಲ ಎಂದು ಇತ್ಯರ್ಥವಾಯಿತು. ಚಿಕ್ಕಪ್ಪ ಕೇಳುವ ಮೊದಲೇ ಒಪ್ಪಿದ.

ಕೊನೆಗೆ ಅವಳು ಮಹಡಿ ಹತ್ತಿದಳು. ಚಿತ್ರ ಒಯ್ಯಲು ಅನುಮತಿ ಕೇಳಲು ಬಂದಿಲ್ಲ, ಕೇಳದೆ ಬರೆದದ್ದು ತಪ್ಪಾಯಿತು ಎಂದು ಹೇಳಲು ಬಂದೆ ಎಂದಳು. ಅತ್ತೆ ಕನ್ನಡಕದ ಮೇಲಿಂದ ಅವಳನ್ನು ನೋಡಿ, ಕ್ಷಮಿಸಿದೆನೆಂದೇನೂ ಹೇಳದೆ, ನನ್ನ ಚಿತ್ರ ಬೇಕೇ ಬೇಕಿದ್ದರೆ ಸರಿಯಾಗಿ ಕೂರುತ್ತೇನೆ, ಸರಿಯಾಗಿ ಬರೆ ಎಂದರು.

ಅತ್ತೆ ಸರಿಯಾಗಿಯೇ ಕೂತರು. ಹೊಸ ಬಟ್ಟೆ, ಬಿಗಿದ ಕೂದಲು, ತೊಡೆಯ ಮೇಲೆ ಜೋಡಿಸಿದ ಕೈ. ಮನೆಯಲ್ಲಿ ಅಲ್ಲಾಡದೆ ಕೂರಬಲ್ಲವರು ಒಬ್ಬರಿದ್ದರು ಎಂಬುದು ಗೀಚಿಗೆ ಆಗ ಗೊತ್ತಾಯಿತು. ರೆಪ್ಪೆ ಬಡಿಯುವುದಕ್ಕೂ ಅವರು ಲೆಕ್ಕವಿಟ್ಟಂತಿತ್ತು. ಚಿತ್ರ ಮುಗಿದಾಗ ಹೋಲಿಕೆ ತಪ್ಪದೆ ಬಂದಿತ್ತು. ಅತ್ತೆ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಆ ಇನ್ನೊಂದನ್ನು ತಾ ಎಂದರು. ಎರಡನ್ನೂ ಮಂಚದ ಮೇಲೆ ಪಕ್ಕಪಕ್ಕದಲ್ಲಿ ಇಟ್ಟರು.

"ಇದು ನಮ್ಮ ಶಾಲೆ ಆಫೀಸಿನ ಗೋಡೆ ಮೇಲಿರೋ ಹೆಡ್‌ಮಿಸ್ಸು," ಎಂದರು ಹೊಸದನ್ನು ತೋರಿಸಿ. ಹಳೆಯದರ ಮೇಲೆ ಬೆರಳಿಟ್ಟರು. "ಇವಳನ್ನ ಬರೆಯೋಕೆ ಎಷ್ಟು ಹೊತ್ತು ಕೂತಿದ್ದೆ ನೀನು?"

"ನೀವು ಮಿಸುಕಾಡೋವರೆಗೂ ಕೂತಿದ್ದೆ ಅತ್ತೆ."

"ಅಷ್ಟೂ ಹೊತ್ತು ನನ್ನನ್ನೇ ನೋಡ್ತಾ ಇದ್ದೆಯಾ?"

ಗೀಚಿ ತಲೆಯಾಡಿಸಿದಳು. ಅತ್ತೆ ಕಿಟಕಿಯ ಕಡೆ ತಿರುಗಿದರು. "ನನ್ನನ್ನ ಯಾರೂ ಅಷ್ಟು ಹೊತ್ತು ನೋಡಿಲ್ಲ ಕಣೇ. ಎಲ್ಲರೂ ಒಂದು ಸಲ ನೋಡಿ ತಲೆ ತಗ್ಗಿಸ್ತಾರೆ."

ಆಮೇಲೆ ಅತ್ತೆ ಹಾಳೆಗಳನ್ನು ಅಂಚು ಕೂಡಿಸಿ ಅವಳ ಕೈಗಿತ್ತು, ಒಯ್ಯುವುದಾದರೆ ಎರಡನ್ನೂ ಒಟ್ಟಿಗೆ ಒಯ್ಯಬೇಕು, ಈ ಹೆಂಗಸಿಗೆ ಬಾಯಿ ಮುಚ್ಚಲಿಕ್ಕೂ ಬರುತ್ತದೆ ಎಂದು ನೋಡಿದವರಿಗೆ ಗೊತ್ತಾಗಲಿ ಎಂದರು. ಅವರ ತುಟಿಯಂಚಿನಲ್ಲಿ ನಗು ಇಣುಕಿತ್ತು. ಮೆಟ್ಟಿಲ ಕೆಳಗೆ ಕಿವಿಗೊಟ್ಟು ನಿಂತಿದ್ದ ಚಿಕ್ಕಪ್ಪ ಇಳಿದು ಬಂದ ಗೀಚಿಯ ಮುಖ ನೋಡಿಯೇ ಸಂಗತಿ ಅರಿತು, ಬಂದ ದಾರಿಯಲ್ಲೇ ತುದಿಗಾಲಿನಲ್ಲಿ ವಾಪಸಾದ.

ರಜೆ ಮುಗಿಯಿತು. ಚಿತ್ರಕಲಾ ಕೋಣೆಯ ಹೊರಗಿನ ಬೆಂಚಿನಲ್ಲಿ ಕಡತ ತಬ್ಬಿಕೊಂಡು ಕೂತ ಹುಡುಗ ಹುಡುಗಿಯರ ನಡುವೆ ಗೀಚಿಯೂ ಕೂತಳು. ಒಬ್ಬಳು ತುಕ್ಕು ಹಿಡಿದ ಗೇಟುಗಳನ್ನು ಬರೆದು ತಂದಿದ್ದಳು, ಇನ್ನೊಬ್ಬ ತನ್ನ ಬೆಕ್ಕನ್ನು. ಗೀಚಿಯ ಸರದಿ ಬಂದಾಗ ಮೇಡಂ ಅವಳ ಹಾಳೆಗಳನ್ನೆಲ್ಲ ನೆಲದ ಮೇಲೆ ಹರಡಿ, ನಡುವೆ ಮಂಡಿಯೂರಿ ಕೂತರು. ಅಜ್ಜನ ಚಿತ್ರದ ಕೆಳಗಿನ ಒಕ್ಕಣೆ ಓದಿ ನಕ್ಕರು. ಅತ್ತೆಯ ಜೋಡಿ ಚಿತ್ರವನ್ನು ಹತ್ತಿರಕ್ಕೆ ಎಳೆದುಕೊಂಡರು.

ಇದರಲ್ಲಿ ನೀನು ಹುಡುಕುತ್ತಿರುವುದೇನು ಎಂದು ಕೇಳಿದಾಗ ಗೀಚಿ ಮನೆಯಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿದ್ದ ಚೆಂದದ ಸಾಲೆಲ್ಲ ಮರೆತುಹೋಯಿತು.

"ಎಚ್ಚರ ಇದ್ದಾಗ ಎಲ್ಲರೂ ಮುಖವನ್ನ ಹಿಡ್ಕೊಂಡಿರ್ತಾರೆ ಮೇಡಂ," ಎಂದಳು ತಡವರಿಸುತ್ತಾ. "ಮಲಗಿದಾಗ ಬಿಟ್ಟುಬಿಡ್ತಾರೆ. ಬಿಟ್ಟ ಮೇಲೆ ಏನು ಉಳಿಯುತ್ತೆ ಅಂತ ನೋಡ್ತಾ ಇದ್ದೆ. ಇನ್ನೂ ಸರಿಯಾಗಿ ಗೊತ್ತಾಗಿಲ್ಲ."

ಗೊತ್ತಾಗದೆ ಇರುವುದೇ ಒಳ್ಳೆಯದು, ಒಂದು ವರ್ಷದ ಕೆಲಸ ಇದೆ ಎಂದರು ಮೇಡಂ. ಪಾದಗಳು ಎಲ್ಲರವೂ ಒಂದೇ ಥರ ಕಾಣುತ್ತಿವೆ, ಅಲ್ಲಿ ಸೋಮಾರಿತನ ಮಾಡಿದ್ದೀಯ ಎಂದು ಬೈದರು. ಅಮ್ಮನ ಚಿತ್ರದಲ್ಲಿ ಬಟ್ಟೆಯ ಭಾರ ಬಂದಿಲ್ಲ ಎಂದರು. ಬೈಗುಳ ಮುಗಿದ ಮೇಲೆ, ಸೋಮವಾರ ಬರುವಾಗ ಚಿತ್ರ ಬರೆಯುವ ಇದ್ದಿಲು ತಗೊಂಡು ಬಾ ಎಂದರು. ಜಾಗ ಸಿಕ್ಕಿತು ಎಂಬುದು ಅವಳಿಗೆ ಹೊಳೆದದ್ದು ಕಾರಿಡಾರಿನ ಅರ್ಧ ದಾಟಿದ ಮೇಲೆ. ಅಲ್ಲಿಂದ ಮನೆಯವರೆಗೂ ಅವಳು ಓಡಿದಳು.

ತರಗತಿ ಶುರುವಾದ ಮೊದಲ ವಾರವೇ ಮೇಡಂ ಅವಳ ಸುಖಕ್ಕೆ ಕಲ್ಲು ಹಾಕಿದರು. ಮಲಗಿದವರು ಸಾಕು, ಹಿಡಿದುಕೊಳ್ಳದ ಮುಖವನ್ನು ಇನ್ನು ಓಡಾಡುವವರಲ್ಲಿ ಹುಡುಕಿ ಬರೆ, ಈ ಸಲ ಕೇಳಿಯೇ ಬರೆ ಎಂದರು. ಹಾಗಾಗಿ ಒಂದು ಶನಿವಾರ ಗೀಚಿ ಅಪ್ಪನ ಬಸ್ಸಿನಲ್ಲಿ ಅವರ ಬೆನ್ನ ಹಿಂದಿನ ಸೀಟಿನಲ್ಲಿ ಕೂತಳು. ಬಸ್ಸು ಕುಲುಕಿದಂತೆಲ್ಲ ಗೆರೆ ಎಲ್ಲೆಲ್ಲೋ ಓಡುತ್ತಿತ್ತು. ಎದುರಿಗೆ ಕೂತ ಅಜ್ಜಿಯೊಬ್ಬರನ್ನು, ನಿಮ್ಮ ಚಿತ್ರ ಬರೆಯಲಾ ಎಂದು ಕೇಳಿದಾಗ ಅವರು ಸೆರಗು ಸರಿಮಾಡಿಕೊಂಡು ಧಾರಾಳವಾಗಿ ಒಪ್ಪಿದರು. ಮೂರು ಸ್ಟಾಪು ಕಳೆದ ಮೇಲೆ ಕುತೂಹಲ ತಡೆಯಲಾರದೆ ಬಗ್ಗಿ ನೋಡಿದರು.

"ಇದರಲ್ಲಿ ನನ್ನ ಮೂಗು ಎಲ್ಲಮ್ಮಾ?"

"ಮುಂದಿನ ಸಿಗ್ನಲ್ ಕೆಂಪಾಗಲಿ ಅಜ್ಜಿ, ಅಲ್ಲಿ ಬರೀತೀನಿ."

ಅಂದು ಸಿಗ್ನಲ್ಲುಗಳೆಲ್ಲ ಹಸಿರಾಗಿಯೇ ಸಿಕ್ಕಿದವು. ಅಜ್ಜಿ ತಮ್ಮ ಸ್ಟಾಪಿನಲ್ಲಿ ಇಳಿದು, ಮೂಗನ್ನು ಮುಂದಿನ ಶನಿವಾರ ಇದೇ ಬಸ್ಸಿನಲ್ಲಿ ಕೊಡುತ್ತೇನೆಂದು ಹೇಳಿ, ಚೀಲ ಹಿಡಿದು ಬಿರಬಿರನೆ ನಡೆದರು. ಗೀಚಿ ಹಾಳೆ ತಿರುವಿ, ನಡೆದು ಹೋಗುತ್ತಿದ್ದ ಆ ಬೆನ್ನನ್ನು ಬರೆಯತೊಡಗಿದಳು.